ತಂಬಾಕು ನಾರುವ ಡಬ್ಬಿ

ತೊಂಬತ್ತರ ದಶಕದಲ್ಲಿ ಬೇರೆ ಊರಿಂದ ಬಂದು, ತಂಬಾಕಿನ ಊರಾದ ನಿಪ್ಪಾಣಿಯ ಹೆಣ್ಣುಮಕ್ಕಳಿಗೆ ಕ್ರಿಸ್‌ಮಸ್ ಕಾರ್ಡು, ಉಡುಗೊರೆಯ ಕಾಗದದ ಡಬ್ಬಿ ಮಾಡುವುದನ್ನು ಕಲಿಸುತ್ತಿದ್ದೆ. ಮಾಲು ಮುಂಬಯಿಗೆ ಹೋಗುತ್ತಿತ್ತು. ಕಳಿಸುವ ಮೊದಲು ಒಂದೊಂದನ್ನೂ ನೋಡಿ ಪಾಸು ಮಾಡುವವಳೂ ನಾನೇ.

ಸುಶೀಲಾಬಾಯಿ ವರ್ಷಗಟ್ಟಲೆ ಬೀಡಿ ಕಟ್ಟಿ, ಅದನ್ನು ಬಿಡಬೇಕೆಂದೇ ನಮ್ಮಲ್ಲಿಗೆ ಬಂದವರು. ಬೀಡಿಯ ಬಾಯಿ ಮುಚ್ಚಿದ ಹಾಗೆ ಉಗುರಿನಿಂದ ಕಾಗದದ ಅಂಚನ್ನು ಒಳಗೆ ಮಡಚುತ್ತಿದ್ದರು; ಅವರ ಡಬ್ಬಿಗೆ ಅಂಟೇ ಬೇಕಿರಲಿಲ್ಲ. ನನಗೂ ಅಷ್ಟು ಚೆಂದ ಬರುತ್ತಿರಲಿಲ್ಲ. ಆದರೂ ಒಂದನ್ನು ಮೂಗಿನ ಹತ್ತಿರ ಹಿಡಿದೆ.

“ಸುಶೀಲಾಬಾಯಿ, ಇವು ಹೋಗೂದಿಲ್ರಿ. ತಂಬಾಕಿನ ವಾಸನಿ ಬರತೈತಿ.”

ಅವರು ಡಬ್ಬಿ ಮೂಸಿದರು, ಬೆರಳು ಮೂಸಿಕೊಂಡರು. “ನನಗೇನೂ ಬರವಲ್ದಲ್ರಿ ಅಕ್ಕಾರ.”

ಮರುದಿನ ನಿಂಬೆಹಣ್ಣು ಹಚ್ಚಿ ಕೈ ತಿಕ್ಕಿಕೊಂಡು ಬಂದು ಹೊಸದಾಗಿ ಮಾಡಿದರು. ಬೆರಳ ಸಂದಿಯೆಲ್ಲ ಕೆಂಪಾಗಿತ್ತು. ನಾನು ಮತ್ತೆ ಮೂಸಿ, ಮತ್ತೆ ಬೇಡವೆಂದೆ.

ಅವರು ಜಗಳ ತೆಗೆಯಲಿಲ್ಲ. ಒಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, “ಇದನ್ನ ನೀವ ಇಟ್ಗೋರಿ. ನಿಮ್ಮ ಊರಾಗ ಈ ವಾಸನಿ ಸಿಗೂದಿಲ್ಲ” ಎಂದು ಹೋದವರು ಮತ್ತೆ ಬರಲಿಲ್ಲ. ಬೀಡಿಗೇ ವಾಪಸ್ಸಾದರೆಂದು ಕೇಳಿದೆ.

ಆ ಡಬ್ಬಿಯಲ್ಲಿ ಈಗ ಸೂಜಿ, ಗುಂಡಿ ಇಡುತ್ತೇನೆ. ಒಂದು ಮಡಿಕೆಯೂ ಬಿಚ್ಚಿಲ್ಲ. ಆಗಾಗ ಮೂಸಿ ನೋಡುತ್ತೇನೆ. ವಾಸನೆ ಹೋಗಿ ಎಷ್ಟೋ ವರ್ಷವಾಯಿತು. ಈಗಾದರೆ ಪಾಸು ಮಾಡಬಹುದು.