ಉಂಗುರ ಬಂತಾ?

ಮೈದುನನ ಮೀಸೆಯ ಎಡಭಾಗ ಸುಟ್ಟುಹೋದ ದಿನವೇ ಕಾಸುಮಾವನ ಕಣ್ಣಿನ ವಿಷಯ ಎಲ್ಲರಿಗೂ ಗೊತ್ತಾದದ್ದು.

ಮೈದುನ, ಅಂದರೆ ಹೆಂಡತಿಯ ತಮ್ಮ, ಆ ಮೇಕೆ ಡೇರಿಯ ಯಜಮಾನ. ಹುಟ್ಟಿ ವಾರವಾಗಿದ್ದ ಮರಿಯೊಂದನ್ನು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು, ಅದರ ತಲೆಯ ಮೇಲೆ ತನ್ನ ಗದ್ದವನ್ನು ತಾಗಿಯೂ ತಾಗದಂತೆ ಊರಿ ಕೂತಿದ್ದ. ಕಾಸುಮಾವ ಕೆಂಪಗೆ ಕಾದ ಕಬ್ಬಿಣ ತಂದು ಬಗ್ಗಿದ. ಕೂದಲು ಸುಟ್ಟ ವಾಸನೆ ಬಂತು, ಹೊಗೆಯೂ ಎದ್ದಿತು. ಮರಿ ಮಾತ್ರ ಮಿಸುಕಲಿಲ್ಲ.

“ಭಾವಾ! ಅದು ನಾನು!” ಎಂದು ಯಜಮಾನ ಕಿರುಚಿದ.

ಕಬ್ಬಿಣ ತುಟಿಗೆ ತಾಕಿರಲಿಲ್ಲ, ಮಾನಕ್ಕೆ ತಾಕಿತ್ತು. ಹಾಲು ಕರೆಯುವ ಹೆಂಗಸರು ಬಕೆಟ್ಟುಗಳನ್ನು ಕೆಳಗಿಟ್ಟು, ಮುಖ ಆಚೆ ತಿರುಗಿಸಿಕೊಂಡು ನಕ್ಕರು. “ಯಜಮಾನ್ರಿಗೆ ಆ ಕಡೆ ಇನ್ನು ಮೀಸೆ ಬರಲ್ಲ ಬಿಡ್ರಮ್ಮ. ಮಾವ ಒಂದ್ಸಲ ಕೈ ಇಟ್ರು ಅಂದ್ರೆ ಬುಡಸಮೇತ!” ಎಂದಳು ಒಬ್ಬಳು.

ತಮಾಷೆಯೊಳಗೆ ಒಂದು ಸರ್ಟಿಫಿಕೇಟೂ ಇತ್ತು. ಆ ಡೇರಿಯ ಮೇಕೆಗಳಿಗೆಲ್ಲ ಬೋಳು ತಲೆ. ಮೇವಿನ ಸರಳುಗಳ ನಡುವೆ ಕೊಂಬು ಸಿಕ್ಕಿಕೊಂಡರೆ ಕತ್ತು ಮುರಿಯುತ್ತದೆ. ಒಂದು ಇನ್ನೊಂದರ ಕೆಚ್ಚಲಿಗೆ ಗುದ್ದಿದರೆ ಹಾಲಿನ ಜತೆ ರಕ್ತ ಬರುತ್ತದೆ. ಹಾಗಾಗಿ ಅಲ್ಲಿ ಕೊಂಬು ಬರುವ ಮೊದಲೇ ಅದರ ಮೊಳಕೆ ಸುಡುತ್ತಿದ್ದರು. ಸುಡುತ್ತಿದ್ದವನು ಕಾಸುಮಾವ. ಕಾಸುವವನಾದ್ದರಿಂದ ಆ ಹೆಸರು. ಹೊಸಬರು ಆಸಾಮಿ ದುಡ್ಡಿನ ಕುಳ ಅಂದುಕೊಂಡು ನಮಸ್ಕಾರ ಹೊಡೆಯುತ್ತಿದ್ದರು. ಅವನ ಹತ್ತಿರ ಬಿಸಿಯಾಗುತ್ತಿದ್ದದ್ದು ಕಬ್ಬಿಣವೊಂದೇ. ಜೇಬು ಯಾವತ್ತೂ ತಣ್ಣಗಿತ್ತು.

ಹಿಂದೆ ಅವನಿಗೊಂದು ವೆಲ್ಡಿಂಗ್ ಅಂಗಡಿ ಇತ್ತು. ಅದು ಮುಚ್ಚಿದ ಮೇಲೆ ಗಂಡಹೆಂಡತಿ ಮೈದುನನ ಕಾಂಪೌಂಡಿನ ಹಿಂದಿನ ಎರಡು ಕೋಣೆಗೆ ಬಂದರು. ಹಾಲಿನ ಲೆಕ್ಕ ಮೈದುನನದು, ಮಾರಾಟ ಅವನ ಹೆಂಡತಿಯದು, ಕರೆಯಲು ಆಳುಗಳಿದ್ದರು. ಅಲ್ಲಿ ಯಾರಿಗೂ ಬೇಡವಾದ ಕೆಲಸ ಒಂದೇ ಉಳಿದಿತ್ತು. ಇದೊಂದು ಇರುವವರೆಗೆ ಅವನು ಭಾವ, ಇಲ್ಲದಿದ್ದರೆ ಭಾರ. ಅದು ಅವನಿಗೂ ಗೊತ್ತಿತ್ತು, ಮೈದುನನಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಕೆಲಸ ನೋಡಲು ಸುಲಭ. ಮರಿಯ ನೆತ್ತಿಯ ಮೇಲೆ ಬೆರಳಾಡಿಸಬೇಕು. ಉಬ್ಬಿನ ಮೇಲೆ ಚರ್ಮ ಜಾರಿದರೆ ಅದು ಹುಟ್ಟಾ ಬೋಳು, ಬಿಟ್ಟುಬಿಡಬಹುದು. ಚರ್ಮ ಅಂಟಿಕೊಂಡಿದ್ದರೆ ಕೆಳಗೆ ಕೊಂಬು ಹೊಂಚು ಹಾಕಿ ಕೂತಿದೆ ಎಂದರ್ಥ. ಸುತ್ತ ಕೂದಲು ಕತ್ತರಿಸಿ, ಕಬ್ಬಿಣವನ್ನು ಮರದ ತುಂಡಿಗೊತ್ತಿ ಕಾವು ನೋಡಿ, ಮೊಳಕೆಯ ಮೇಲಿಟ್ಟು ಮೆಲ್ಲಗೆ ತಿರುಗಿಸಬೇಕು. ಸುಟ್ಟ ಜಾಗ ಮೊದಲು ಕಪ್ಪಾಗುತ್ತದೆ, ಆಮೇಲೆ ಬೂದಿ ಬಣ್ಣ, ಕೊನೆಗೆ ಮೊಳಕೆಯ ಸುತ್ತ ತಾಮ್ರದ ಬಣ್ಣದ ಒಂದು ಉಂಗುರ ಮೂಡುತ್ತದೆ. ಅದು ತುಂಬು ಸುತ್ತು ಬಂದ ತಕ್ಷಣ ಎತ್ತಬೇಕು. ಬರುವ ಮೊದಲೇ ಎತ್ತಿದರೆ ಅರ್ಧಂಬರ್ಧ ಮೊಂಡುಕೊಂಬು ಹುಟ್ಟಿಕೊಂಡು ಸೊಟ್ಟಸೊಟ್ಟಗೆ ಬೆಳೆಯುತ್ತದೆ. ಬಂದ ಮೇಲೂ ಒತ್ತಿದರೆ ಕಾವು ಮಿದುಳಿಗೆ ಇಳಿದು ಮರಿ ಕತ್ತು ವಾಲಿಸುತ್ತದೆ, ಹಾಲು ಮರೆಯುತ್ತದೆ, ಸಾಯುತ್ತದೆ. ತಲೆಬಿಸಿ ಎಂಬ ಮಾತನ್ನು ನಾವೆಲ್ಲ ಸುಮ್ಮನೆ ಬಳಸುತ್ತೇವೆ.

ಆ ಉಂಗುರ ಅವನಿಗೀಗ ಕಾಣುತ್ತಿರಲಿಲ್ಲ.

ಮೀಸೆ ಪ್ರಕರಣದ ಮರುದಿನ ಹೆಂಡತಿ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಬಾಡಿರುವುದು ಕಣ್ಣಿನ ನರ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಲಿ ಎಂದು ಡ್ರಾಪ್ಸ್ ಬರೆದುಕೊಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ. ಕಾಣುತ್ತಿದ್ದದ್ದು ಎಷ್ಟೋ.

“ನೀನು ಹತ್ರ ಕೂತು ನೋಡಿ ಹೇಳು. ಕೈ ನಂದು, ಕಣ್ಣು ನಿಂದು,” ಎಂದ ಅವನು.

“ನನ್ನ ಕೈಲಾಗಲ್ಲ ಅಂತ ಗೊತ್ತಿದ್ದೂ ಕೇಳ್ತೀರಲ್ಲ.”

“ಉಂಗುರ ಬಂತಾ ಅಂತೀನಿ, ಬಂತು ಅಂತೀಯ. ಅಷ್ಟೇ. ಮದ್ವೇಲೂ ಇಷ್ಟೇ ಮಾತಾಡಿದ್ವಿ.”

“ಅವತ್ತೇ ಇಲ್ಲ ಅನ್ಬೇಕಿತ್ತು,” ಎಂದು ಅವಳು ಆಚೆ ತಿರುಗಿಕೊಂಡಳು.

ಅವಳಿಗೆ ಮರಿಗಳ ಆ ಕೂಗು ಆಗದು. ಮೊಳಕೆ ಸುಡುವ ದಿನ ಅಡುಗೆಕೋಣೆಯ ಬಾಗಿಲು ಹಾಕಿಕೊಂಡು ಖಾಲಿ ಮಿಕ್ಸಿ ತಿರುಗಿಸುತ್ತಿದ್ದಳು. ಬಂದ ವರ್ಷದಿಂದ ಅದೇ ಪದ್ಧತಿ. ಹೀಗೆ ಮಿಕ್ಸಿಗಳು ಒಂದೊಂದಾಗಿ ಕೆಟ್ಟವು, ರಿಪೇರಿಯವನು ಏನು ರುಬ್ಬುತ್ತೀರಮ್ಮಾ ಎಂದು ಕೇಳಿದಾಗ ಏನೂ ಇಲ್ಲ ಎಂದು ಸತ್ಯವನ್ನೇ ಹೇಳಿದ್ದಳು. ಅಂಥವಳು ಆ ಸಲ ಮಿಕ್ಸಿಯ ಪ್ಲಗ್ ಕಿತ್ತು, ಸೆರಗು ಬಿಗಿದು, ಶೆಡ್ಡಿಗೆ ಹೋಗಿ ಮರಿಯನ್ನು ಮಡಿಲಿಗೆ ಹಾಕಿಕೊಂಡಳು. ಹೋಗದಿದ್ದರೆ ಗಂಡ ಈ ಮನೆಯಲ್ಲಿ ಏನಾಗುತ್ತಾನೆ ಎಂಬುದು ಅವಳ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಕಾಸುಮಾವ ಬೆರಳಿನಿಂದ ಮೊಳಕೆ ಹುಡುಕಿ, ಆ ಬೆರಳಿನ ಗುರುತಿನ ಮೇಲೆ ಕಬ್ಬಿಣ ಇಳಿಸಿದ. ಮರಿ ಇಡೀ ಮೈಯಿಂದ ಕೂಗಿತು.

“ಉಂಗುರ ಬಂತಾ?”

“ಬಂತು.”

ಎತ್ತಿದ. ಇನ್ನೊಂದು ಬದಿ. “ಬಂತಾ?” “ಬಂತು, ಬಂತು.” ಬಿಟ್ಟ ಕೂಡಲೇ ಮರಿಗಳು ಬಾಟಲಿಗೆ ಬಾಯಿ ಹಾಕಿ, ಏನೂ ಆಗಿಲ್ಲವೆಂಬಂತೆ ಬಾಲ ಕುಣಿಸಿದವು. ಅವಳು ಮಾತ್ರ ಎರಡು ದಿನ ಊಟ ಮುಟ್ಟಲಿಲ್ಲ. ಒಂದು ಮರಿಯೂ ಸಾಯಲಿಲ್ಲ. ಯಜಮಾನ ಬೆಳೆಯುತ್ತಿದ್ದ ಮೀಸೆಯನ್ನು ನೀವಿಕೊಂಡು, “ಅಕ್ಕ, ನೀನು ಮೊದಲೇ ಬಂದಿದ್ರೆ ನನ್ನ ಮುಖ ಉಳೀತಿತ್ತು,” ಎಂದ. ಆ ಋತುವಿನ ಮರಿಗಳೆಲ್ಲ ಹಾಗೇ ಮುಗಿದವು.

ಎರಡು ತಿಂಗಳಲ್ಲಿ ಮೊದಲ ಗಂಟು ಕಾಣಿಸಿತು. ಆಮೇಲೆ ನೋಡಿದರೆ ಎಲ್ಲದರ ತಲೆಯಲ್ಲೂ. ಕೆಲವು ಬಟಾಣಿಯಷ್ಟು, ಕೆಲವು ಹೆಬ್ಬೆರಳಿನಷ್ಟು; ಒಂದಕ್ಕೆ ಬಲಗಡೆ ಮಾತ್ರ, ಇನ್ನೊಂದಕ್ಕೆ ಎರಡೂ ಕಡೆ ಬೇರೆಬೇರೆ ದಿಕ್ಕಿಗೆ. ಸರಳಿಗೆ ತಗುಲಿ ಮುರಿದು ರಕ್ತ ಸೋರುತ್ತಿತ್ತು, ಮತ್ತೆ ಬೆಳೆಯುತ್ತಿತ್ತು. ಚುಕ್ಕೆಯ ಮರಿಯೊಂದಕ್ಕೆ ಮೊಂಡುಕೊಂಬು ಒಳಮುಖವಾಗಿ ಬಾಗಿ ಕಣ್ಣಿನ ಕಡೆಗೇ ಹೊರಟಿತ್ತು.

ಯಜಮಾನ ಶೆಡ್ಡಿನಲ್ಲೇ ನಿಂತು ಕೂಗಾಡಿದ. “ಏನ್ ಭಾವ ಇದು? ಒಂದೂ ನೆಟ್ಟಗಿಲ್ಲ! ಅಕ್ಕ ಪಕ್ಕದಲ್ಲೇ ಕೂತಿದ್ಲು, ಅವಳಿಗೂ ಕಾಣಲಿಲ್ವಾ?”

ಹೆಂಡತಿ ಬಾಯಿ ತೆರೆದಳು.

“ಅವಳದೇನಿಲ್ಲ,” ಎಂದ ಕಾಸುಮಾವ. “ಅವಳು ಸರಿಯಾಗೇ ಹೇಳ್ದಳು. ನನ್ನ ಕೈ ನಡುಗ್ತು.”

ಅವನ ಕೈ ಯಾವತ್ತೂ ನಡುಗಿದ್ದಿಲ್ಲ. ಹಸಿ ಸುಳ್ಳು. ಅವಳು ತೆರೆದ ಬಾಯಿ ಮುಚ್ಚಿಕೊಂಡಳು.

ಚುಕ್ಕೆಯ ಮರಿಯ ಕೊಂಬನ್ನು ಪಶುವೈದ್ಯೆ ಬಂದು ತಂತಿಗರಗಸದಿಂದ ಕೊಯ್ದರು. ಇಂಜೆಕ್ಷನ್ ಕೊಟ್ಟಿದ್ದರೂ ರಕ್ತ ಗೋಡೆಯವರೆಗೆ ಚಿಮ್ಮಿತು. ಮರಿಯನ್ನು ಹಿಡಿದುಕೊಳ್ಳಲು ಯಾರೂ ಮುಂದೆ ಬರದೆ ಕಾಸುಮಾವನ ಹೆಂಡತಿಯೇ ಹಿಡಿದುಕೊಂಡಳು. ಕ್ಷಣಗಳಲ್ಲಿ ಮುಗಿಯಬೇಕಿದ್ದ ನೋವು ಮಧ್ಯಾಹ್ನದವರೆಗೆ ನಡೆಯಿತು. ಮರಿ ಬದುಕಿತು, ಆ ಬದಿಯ ಕಣ್ಣು ಹೋಯಿತು. ಮುಂದಿನ ಋತುವಿಗೆ ಮೊಳಕೆ ಸುಡುವ ಕೆಲಸ ವೈದ್ಯೆಗೇ ಹೋಯಿತು. ಕಬ್ಬಿಣವನ್ನೂ ಅವರೇ ತರುತ್ತಿದ್ದರು, ಕರೆಂಟಿನದು, ಜತೆಗೆ ಮರಗಟ್ಟಿಸುವ ಮದ್ದು.

ಕಾಸುಮಾವನಿಗೆ ಗೇಟು ಸಿಕ್ಕಿತು. ಹಾಲಿನ ವ್ಯಾನು ಬಂದರೆ ತೆಗೆಯಬೇಕು, ಹೋದ ಮೇಲೆ ಹಾಕಬೇಕು. ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ಕೊಟ್ಟರು. ಮೈದುನ ಬೈಯಲಿಲ್ಲ, ಭಾವಾ ಎಂದು ಕರೆಯುವುದನ್ನೂ ಬಿಟ್ಟ. ವ್ಯಾನಿನವನ ಹಾರ್ನು ಕೇಳಿಸಿದಾಗ ಕಾಸುಮಾವ ಎದ್ದು, ಕೈಯಿಂದ ಅಗುಳಿ ತಡಕಿ ತೆಗೆಯುತ್ತಿದ್ದ. ಅವನ ಬೆರಳುಗಳಿಗೆ ಈಗ ಹುಡುಕಲು ಉಳಿದದ್ದು ಅದೊಂದೇ.

ಒಂದು ಮಧ್ಯಾಹ್ನ ಹೆಂಡತಿ ಟೀ ತಂದುಕೊಟ್ಟು, ಹೋಗದೆ ಅಲ್ಲೇ ಕಟ್ಟೆಯ ಮೇಲೆ ಕೂತಳು. ಶೆಡ್ಡಿನ ಕಡೆಯಿಂದ ಹೊಸ ಮರಿಗಳ ದನಿ ಬರುತ್ತಿತ್ತು.

“ಒಂದು ಮಾತು. ಅವತ್ತು ಉಂಗುರ ಬಂದಿರಲಿಲ್ಲ,” ಎಂದಳು. “ಬೂದಿ ಬಣ್ಣ ಇದ್ದಾಗಲೇ ಬಂತು ಅಂದ್ಬಿಟ್ಟೆ. ಎಲ್ಲಾದಕ್ಕೂ. ಕೂಗು ತಡೆಯೋಕಾಗಲಿಲ್ಲ.”

ಅವನು ಟೀ ಊದುತ್ತಿದ್ದ.

“ನಿಮಗೆ ಗೊತ್ತಿತ್ತು ಅಲ್ವಾ? ಇಷ್ಟು ವರ್ಷ ಮಾಡಿದೋರಿಗೆ ವಾಸನೇಲೇ ಗೊತ್ತಾಗಲ್ವಾ? ನಾನು ಸುಳ್ಳು ಹೇಳ್ತಿದೀನಿ ಅಂತ ಗೊತ್ತಿದ್ದೂ ಎತ್ತಿದ್ರಿ. ನನ್ನ ಮೇಲೆ ಒಂದು ಮಾತೂ ಬರದ ಹಾಗೆ ತಲೆ ಮೇಲೆ ಹಾಕ್ಕೊಂಡ್ರಿ.” ಅವಳು ಅವನ ಕಡೆಗೆ ಜರುಗಿದಳು. “ಯಾಕೆ? ನನಗೋಸ್ಕರಾನಾ?”

ಕಾಸುಮಾವ ಲೋಟ ಕೆಳಗಿಟ್ಟು, ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ.

“ಬಗ್ಗಿ ಬಗ್ಗಿ ಸೊಂಟ ಹಿಡ್ಕೊಂಡಿತ್ತು ಕಣೇ. ನೀನು ಬಂತು ಅಂದ್ರೆ ಸಾಕಾಗಿತ್ತು.”