ಎರಡು ಸಹಿಯ ಸರ್ಟಿಫಿಕೇಟು

ಮೊದಲ ವರ್ಷದ ಇಂಜಿನಿಯರಿಂಗ್ ಪರೀಕ್ಷೆ ಮುಗಿದ ದಿನವೇ ಕಾಲೇಜಿನವರು ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರು. ರಜೆಯಲ್ಲಿ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಿ, ಲೆಟರ್‌ಹೆಡ್ಡಿನ ಮೇಲೆ ಸರ್ಟಿಫಿಕೇಟ್ ತರಬೇಕು. ತಾರದವರು ಮುಂದಿನ ಸೆಮಿಸ್ಟರ್ ಪೂರ್ತಿ ಭಾನುವಾರಗಳನ್ನು ಲ್ಯಾಬಿನಲ್ಲಿ ಕಳೆಯಬೇಕು. ಭಾನುವಾರವೆಂದರೆ ನನಗೆ ಹೊನ್ನಾಳಿಯ ಮನೆ, ಅಮ್ಮ ಮಾಡುವ ಮಂಡಕ್ಕಿ ಒಗ್ಗರಣೆ, ಊಟವಾದ ಮೇಲೆ ಗಡದ್ದಾಗಿ ನಿದ್ದೆ. ಇದನ್ನು ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ.

ಕಂಡ ಕಂಡ ಕಂಪನಿಗಳಿಗೆಲ್ಲ ಮೇಲ್ ಕಳಿಸಿದೆ. ಮೊದಲ ವರ್ಷದವರನ್ನು ಯಾರು ಕೇಳುತ್ತಾರೆ? ಬೋಲ್ಟು ಬಿಚ್ಚಲೂ ಬಾರದ ನನ್ನನ್ನು ನಾನೇ ಕಂಪನಿಯಾಗಿದ್ದರೂ ಸೇರಿಸಿಕೊಳ್ಳುತ್ತಿರಲಿಲ್ಲ. ಕೊನೆಗೆ ದಾರಿ ತೋರಿಸಿದವರು ಜಗಳೂರಿನ ನಮ್ಮ ದೊಡ್ಡಮ್ಮ. "ನಮ್ಮ ಬೀದಿಯಾಗೆ ಮೋಟ್ರು ವೈಂಡಿಂಗ್ ಅಂಗಡಿ ಐತೆ. ನೀನು ಓದೋದೂ ಕರೆಂಟಿಂದೇ ಅಲ್ವೇನೆ? ಬಾ, ನಾನು ಕೇಳ್ತೀನಿ" ಎಂದರು ಫೋನಿನಲ್ಲಿ.

ಅಂಗಡಿಯ ಯಜಮಾನರು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಸುಟ್ಟ ಮೋಟಾರುಗಳು ಸುತ್ತಲೂ ಬಿದ್ದಿದ್ದವು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಮಕ್ಕಳಿಂದ ಆಗೋ ಕೆಲಸ ಅಲ್ಲವ್ವ ಇದು" ಎಂದರು.

ಅವರ ಹಿಂದೆ ಅರ್ಧ ಸರಿದ ಒಂದು ಹೂವಿನ ಪರದೆ. ಅದರಾಚೆ ಒಬ್ಬ ಹೆಂಗಸು ನೆಲದ ಮೇಲೆ ಕೂತು, ಹಿಟ್ಟಿನ ಗಿರಣಿಯ ಮೋಟಾರಿನೊಳಗೆ ತಾಮ್ರದ ತಂತಿಯನ್ನು ಬಿದಿರಿನ ಚಕ್ಕೆಯಿಂದ ಒತ್ತಿ ಒತ್ತಿ ಕೂರಿಸುತ್ತಿದ್ದರು. ಯಜಮಾನರ ಹೆಂಡತಿ! ನಾನು ಪರದೆಯ ಕಡೆ ನೋಡಿದೆ, ಯಜಮಾನರನ್ನು ನೋಡಿದೆ, ಮತ್ತೆ ಪರದೆಯ ಕಡೆ ನೋಡಿದೆ. ಯಜಮಾನರು ಪೇಪರಿನ ಪುಟ ತಿರುವಿದರು. ಒಳಗಿನಿಂದ ಆ ಅಕ್ಕ ಕೂಗಿದರು: "ಬರ್ಲಿ ಬಿಡ್ರಿ. ನಂಗೂ ಮಾತಾಡಾಕೆ ಒಂದು ಜನ ಬೇಕು."

ಹೀಗೆ ನಾನು ಪರದೆಯ ಹಿಂದಕ್ಕೆ ಹೋದೆ. ಸುಟ್ಟ ತಂತಿ ಕೀಳುವುದು, ಸುತ್ತು ಎಣಿಸುವುದು, ತಂತಿಯ ಕೆಳಗೆ ಹಾಸುವ ಪೇಪರ್ ಕತ್ತರಿಸುವುದು, ಕೊನೆಗೆ ವಾರ್ನಿಶ್ ಸುರಿದು ಬಿಸಿಲಿಗಿಡುವುದು. ಎಣಿಸುವಾಗ ನಾನು ಮಾತಾಡಿದರೆ ಲೆಕ್ಕ ತಪ್ಪುತ್ತಿತ್ತು. ಅಕ್ಕ ಇಡೀ ಬೀದಿಯ ಸುದ್ದಿ ಹೇಳುತ್ತಲೇ ಎಣಿಸುತ್ತಿದ್ದರು, ಒಂದು ಸುತ್ತೂ ತಪ್ಪುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ನಾನೇ ಜೋಡಿಸಿದ ಮೊದಲ ಮೋಟಾರು ಉಲ್ಟಾ ತಿರುಗಿದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಇಂಜಿನಿಯರಮ್ಮಾ, ಎರಡು ವೈರು ಅದಲುಬದಲು ಮಾಡು. ಹಿಂಗೆ ಬಿಟ್ರೆ ಗಿರಣಿ ಹಿಟ್ಟನ್ನ ಜೋಳ ಮಾಡ್ತೈತೆ."

ಗಿರಾಕಿಗಳು ಮಾತ್ರ ಹೊರಗೆ ನಿಂತು, "ನಿಮ್ಮ ಕೈಗುಣ ಚೆನ್ನಾಗೈತೆ ಕಣ್ರಿ" ಎಂದು ಯಜಮಾನರನ್ನೇ ಹೊಗಳಿ ಹೋಗುತ್ತಿದ್ದರು. ಅವರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅಕ್ಕನಿಗೆ ಹೇಳಿದರೆ, "ಹೋಗ್ಲಿ ಬಿಡು, ನೀನು ಎಣಿಸು" ಎನ್ನುತ್ತಿದ್ದರು.

ಸರ್ಟಿಫಿಕೇಟಿನ ಸಮಯ ಬಂತು. ಅಂಗಡಿಗೆ ಲೆಟರ್‌ಹೆಡ್ಡೇ ಇರಲಿಲ್ಲ. "ಪ್ರೆಸ್ಸಿಗೆ ಹೋಗಿ ಮಾಡಿಸ್ಕೊಂಡು ಬಾ" ಎಂದು ಯಜಮಾನರು ನನ್ನನ್ನೇ ಕಳಿಸಿದರು. ಬಸ್ ಸ್ಟ್ಯಾಂಡಿನ ಹತ್ತಿರದ ಆ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದುದು ಲಗ್ನಪತ್ರಿಕೆಗಳು ಮಾತ್ರ. ಪ್ರೆಸ್ಸಿನವರು ಯಜಮಾನರ ಹೆಸರು ಬರೆದುಕೊಂಡು, ರೂಢಿಯ ಮೇಲೆ ಕೇಳಿದರು: "ಮನೆಯೋರ ಹೆಸರೇನವ್ವ?" ನಾನು ಒಂದು ಗಳಿಗೆಯೂ ಯೋಚಿಸದೆ ಅಕ್ಕನ ಹೆಸರು ಹೇಳಿಬಿಟ್ಟೆ.

ಮರುದಿನ ಹಾಳೆಗಳು ಬಂದವು. ತಲೆಯ ಮೇಲೆ ಗಣಪತಿ, ಸುತ್ತಲೂ ಮಾವಿನೆಲೆಯ ಬಾರ್ಡರು. ಅಂಗಡಿಯ ಹೆಸರಿನ ಕೆಳಗೆ 'ಶ್ರೀಮತಿ' ಎಂದು ಅಕ್ಕನ ಹೆಸರು, ಆಮೇಲೆ 'ಮತ್ತು ಶ್ರೀ' ಎಂದು ಯಜಮಾನರದು. ಹಾಳೆಯ ತುದಿಯಲ್ಲಿ, ನಾನು ಹೇಳದೇ ಇದ್ದದ್ದು: 'ಆಶೀರ್ವಾದವೇ ಉಡುಗೊರೆ.'

"ಇದೇನವ್ವ, ಇವಳ ಹೆಸರು ಯಾಕೆ?" ಎಂದರು ಯಜಮಾನರು. ನನ್ನ ಭಾನುವಾರಗಳೆಲ್ಲ ಕಣ್ಣ ಮುಂದೆ ಬಂದವು. ಅವರು ಸಹಿ ಹಾಕದಿದ್ದರೆ ಲ್ಯಾಬೇ ಗತಿ. ಆದರೂ ಬಾಯಿ ಸುಮ್ಮನಿರಲಿಲ್ಲ. "ಕಾಲೇಜಿನ ರೂಲ್ಸು ಸಾರ್. ಎರಡು ಸಹಿ ಇಲ್ಲದಿದ್ರೆ ನಡೆಯಲ್ಲ" ಎಂದೆ. ಅಂಥ ರೂಲ್ಸು ಯಾವ ಕಾಲೇಜಿನಲ್ಲೂ ಇಲ್ಲ. ರೂಲ್ಸು ಎಂದ ಕೂಡಲೇ ಅವರು ಪೆನ್ನು ತೆಗೆದರು. ಅಕ್ಕ ಸೀರೆಗೆ ಕೈ ಒರೆಸಿಕೊಂಡು ಬಂದು, ಒಂದೊಂದೇ ಅಕ್ಷರ ಬರೆದರು. ಒರೆಸಿದರೂ ಹೋಗದ ವಾರ್ನಿಶ್ ಹೆಬ್ಬೆರಳಿನಿಂದ ಹಾಳೆಗೆ ಹತ್ತಿತು.

ಕಾಲೇಜಿನಲ್ಲಿ ಮೇಷ್ಟ್ರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಯಾರ ಮದುವೆಯಮ್ಮ?" ಎಂದರು. ಕ್ಲಾಸೆಲ್ಲ ನಗು. ಅವರು ಹಾಳೆಯನ್ನು ಪಕ್ಕಕ್ಕಿಡುತ್ತಾ, "ಮೂರು ಫೇಸಿನ ಮೋಟಾರು ಉಲ್ಟಾ ತಿರುಗಿದ್ರೆ ಏನು ಮಾಡ್ತೀಯ?" ಎಂದು ಕೇಳಿದರು. ಇನ್ನೇನು ಬೇಕಿತ್ತು! ವೈರಿನಿಂದ ಶುರು ಮಾಡಿ ವಾರ್ನಿಶ್ ಒಣಗುವವರೆಗೂ ಹೇಳಿದೆ. "ಯಾರು ಕಲಿಸಿದ್ದು?" ಎಂದರು. ನಾನು ಅಕ್ಕನ ಸಹಿಯ ಮೇಲೆ ಬೆರಳಿಟ್ಟೆ. ಅವರು ಆ ಕಂದು ಕಲೆಯನ್ನು ನೋಡಿ ಟಿಕ್ ಹಾಕಿದರು.

ದಸರಾ ರಜೆಯಲ್ಲಿ ಜಗಳೂರಿಗೆ ಹೋದಾಗ ಖುಷಿಯ ಸುದ್ದಿ ಹೇಳಲೆಂದು ಅಂಗಡಿಗೆ ಓಡಿದೆ. ಹತ್ತಿರದ ಸೊಕ್ಕೆ ಊರಿನಿಂದ ಬಂದ ಗಿರಾಕಿಯೊಬ್ಬರು ಬಿಲ್ಲಿಗೆ ಕಾಯುತ್ತಿದ್ದರು. ಮಿಕ್ಕ ಲೆಟರ್‌ಹೆಡ್ಡುಗಳೇ ಈಗ ಬಿಲ್ಲು. ಯಜಮಾನರು ತಮ್ಮ ಸಹಿ ಹಾಕಿ ಕೂತಿದ್ದರು.

"ಕೊಡ್ರಿ ಅತ್ಲಾಗೆ, ಬಸ್ಸು ಹೋಗ್ತೈತೆ" ಎಂದರು ಗಿರಾಕಿ.

"ಸ್ವಲ್ಪ ತಡೀರಿ. ನಮ್ಮ ಮನೆಯೋರು ಸಹಿ ಹಾಕ್ಬೇಕು" ಎಂದರು ಯಜಮಾನರು. "ಎರಡು ಸಹಿ ಇಲ್ಲದಿದ್ರೆ ನಡೆಯಲ್ಲ, ಸರ್ಕಾರದ ರೂಲ್ಸು."

ಪರದೆ ಸರಿಸಿ ಅಕ್ಕ ಹೊರಗೆ ಬಂದರು. ನನ್ನನ್ನು ನೋಡಿ ಕಣ್ಣು ಹೊಡೆದರು.