ಸತ್ತ ಚಕ್ರವರ್ತಿಗೆ ನಾನು ಕೊಟ್ಟ ಆಯುಷ್ಯ

ಸಿಂಧನೂರಿನ ಬಾಡಿಗೆ ಕೋಣೆಯಲ್ಲಿ ಕೂತು ಕೊರಿಯಾ ದೇಶದ ಹಳೆಯ ಕಾಗದಪತ್ರ ಜೋಡಿಸುತ್ತೇನೆ ಅಂದರೆ ಮಸ್ಕಿಯಲ್ಲಿರುವ ನಮ್ಮವ್ವ ಇವತ್ತಿಗೂ ನಂಬುವುದಿಲ್ಲ. ಕೆಲಸ ಇಷ್ಟೇ: ಕಂಪ್ಯೂಟರಿಗೆ ಆ ಪತ್ರಗಳ ಫೋಟೊ ಬರುತ್ತವೆ. ಹಿಂದೆ ಅಲ್ಲಿ ವರ್ಷವನ್ನು ಚೀನಾ ಚಕ್ರವರ್ತಿಯ ಆಳ್ವಿಕೆಯ ಹೆಸರು ಹಿಡಿದು ಬರೆಯುತ್ತಿದ್ದರು. ಆ ಹೆಸರಿನ ಎರಡು ಅಕ್ಷರ ಹುಡುಕಿ, ಕೊಟ್ಟ ಪಟ್ಟಿಯ ಜೊತೆ ತಾಳೆ ನೋಡಿ, ಆಯಾ ಫೋಲ್ಡರಿಗೆ ಹಾಕಬೇಕು. ನನಗೆ ಅದನ್ನು ಓದಲು ಬರುವುದಿಲ್ಲ. ಈ ಅಕ್ಷರ ಹೋತಿನ ಕೊಂಬು, ಈ ಅಕ್ಷರ ಮುರಿದ ನೊಗ ಅಂತ ಗುರುತಿಟ್ಟುಕೊಂಡೇ ವಿದ್ವಾಂಸನಾಗಿದ್ದೇನೆ.

ಮೊದಲು ಕೋಣೆಯಲ್ಲಿ ಇಬ್ಬರಿದ್ದೆವು. ಇನ್ನೊಬ್ಬ ತುರ್ವಿಹಾಳದ ಗೆಳೆಯ, ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಲಿಂಗಸುಗೂರಿನಲ್ಲಿ ಬೇರೆ ಕೆಲಸ ಸಿಕ್ಕಿತು ಅಂತ ಅವನು ಹೇಳಿದಾಗ ಹೋಗಬೇಡ ಅನ್ನಬೇಕೆನಿಸಿತು. ಬಾಯಿ ಮಾತ್ರ ತನ್ನ ಚಾಳಿ ಬಿಡಲಿಲ್ಲ.

"ಹೋಗಲೇ ಹೋಗು, ಖೋಲ್ಯಾಗ ಜಾಗನರ ಆಗ್ತೈತಿ."

ಅವನು ನಗಲಿಲ್ಲ. ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತಿದ. ಆಮೇಲೆ ಒಂದು ಫೋನಿಲ್ಲ. ನಾನೂ ಮಾಡಲಿಲ್ಲ. ದಿನಾ ಕೈತಪ್ಪಿ ಎರಡು ಕಪ್ಪು ಚಹಾ ಕಾಸುತ್ತಿದ್ದೆ, ಎರಡನ್ನೂ ಕುಡಿದು ಕೊರಿಯಾದವರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕೆಲಸ ನೋಡಿಕೊಳ್ಳುವ ಮೇಡಂ ಫೋನ್ ಮಾಡಿದರು. ರಾಯಚೂರು ಕಡೆಯವರು, ಬೈಯುವುದೂ ನಮ್ಮ ಮಾತಿನಲ್ಲೇ.

"ಏನಪಾ, ಈ ಚೀನಾ ಚಕ್ರವರ್ತಿ ಆಳಿದ್ದು ಹದಿನೇಳು ವರ್ಷ. ನೀ ಎರಡು ನೂರು ವರ್ಷ ಆಳಿಸಿಯಲ್ಲೋ!"

"ಎಲ್ಲಾದರಾಗೂ ಅವನ ಹೆಸರ ಐತ್ರಿ ಮೇಡಂ."

"ಹೆಸರಿನ ಕೆಳಗ 'ಇವನ ಕಾಲ ಸುರು ಆದಮ್ಯಾಲೆ' ಅಂತ ಇನ್ನ ಮೂರು ಅಕ್ಷರ ಅದಾವು, ನೋಡಿಲ್ಲೇನು? ಅಂವ ಸತ್ತ, ರಾಜ್ಯಾನೂ ಹೋತು. ಕೊರಿಯಾದಾಗ ಕೆಲವು ಮಂದಿ ಹೊಸಾ ಚಕ್ರವರ್ತಿ ಹೆಸರು ಬರೀಲೇ ಇಲ್ಲ. ಇವನ ಹೆಸರಿಲೇ ವರ್ಷಾ ಎಣಿಸಿಕೋತ ಬಂದ್ರು, ಅಂವ ಇನ್ನಾ ಅದಾನ ಅನ್ನೂಹಂಗ. ಅವೆಲ್ಲಾ ಬ್ಯಾರೆ ಫೋಲ್ಡರಿಗೆ ಹಾಕು."

ಹಾಕಲು ಕೂತೆ. ಸತ್ತವನ ಹೆಸರು ಹೊತ್ತ ಪತ್ರಗಳು ಒಂದರ ಹಿಂದೆ ಒಂದು ಬಂದವು. ಪಕ್ಕದಲ್ಲಿ ಎರಡನೇ ಕಪ್ಪು ತಣ್ಣಗಾಗುತ್ತಿತ್ತು. ಗೂಟದಲ್ಲಿ ಗೆಳೆಯ ಬಿಟ್ಟುಹೋದ ಟವೆಲ್ಲು. ಅದನ್ನು ವಾರಕ್ಕೊಮ್ಮೆ ಒಗೆದು ಮತ್ತೆ ಅದೇ ಗೂಟಕ್ಕೆ ಹಾಕುತ್ತಿದ್ದೆ. ಮೇಡಂ ನೋಡಿದ್ದರೆ ನನ್ನನ್ನೂ ಆ ಬೇರೆ ಫೋಲ್ಡರಿಗೇ ಹಾಕಿಸುತ್ತಿದ್ದರು.

ಗೆಳೆಯನಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ.

"ಯಾಕಲೇ?"

ಕೊರಿಯಾ, ಚಕ್ರವರ್ತಿ, ಟವೆಲ್ಲು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

"ನಾ ಸತ್ತಿಲ್ಲಲೇ, ಲಿಂಗಸುಗೂರಾಗ ಅದೀನಿ," ಅಂದ.

ಅವನ ಹಿಂದೆ ಯಾರೋ ನಗುತ್ತಿದ್ದರು. ಹೊಸ ಕೋಣೆಯವರಿರಬೇಕು. ಆ ನಗು ದೂರವಾಗುವವರೆಗೆ ತಡೆದು ಕೇಳಿದ:

"ಮತ್ತ, ಖೋಲ್ಯಾಗ ಜಾಗ ಆತೇನು?"

ತಮಾಷೆಯ ಉತ್ತರ ನಾಲ್ಕೈದು ಬಾಯಿಗೆ ಬಂದವು. ನುಂಗಿಕೊಂಡೆ.

"ಭಾಳ ಆಗೇತಲೇ," ಅಂದೆ.

ಅವನು ಫೋನ್ ಇಡಲಿಲ್ಲ.